ಮನೆ ಸುತ್ತಿ ಬಂದ ಬಿಸಿನೀರು

ಕೊಟ್ಟೂರಿನ ಆ ಓಣಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಬೀದಿ ದೀಪಗಳು ಉರಿಯುತ್ತಲೇ ಇವೆ. ಗುರುಶಾಂತಪ್ಪನವರ ಮನೆಯ ಪಶ್ಚಿಮದ ಗೋಡೆಗೆ ಪಕ್ಕೀರಪ್ಪ ಕೆಮ್ಮಣ್ಣಿನ ರಾಡಿ ಬಳಿಯುತ್ತಿದ್ದಾರೆ. ಮೊನ್ನೆ ಮೊನ್ನೆ ಬಿಳಿ ಬಣ್ಣ ಕಂಡ ಗೋಡೆ ಅದು. ಹಳೆಯ ಲುಂಗಿಯ ತುಂಡೊಂದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಸೊಂಟದ ಮಟ್ಟದಲ್ಲಿ ಎಡದಿಂದ ಬಲಕ್ಕೆ ಎಳೆಯುತ್ತಾ ಹೋಗುತ್ತಾರೆ. ಬಕೆಟ್ಟು ಹಿಡಿದ ಹೆಂಡತಿ ಗಿಡ್ಡಮ್ಮ ಹಿಂದಿನಿಂದ, "ತೆಳ್ಳಗ ಹಚ್ಚು, ತೆಳ್ಳಗ. ರೊಟ್ಟಿ ಬಡಿಯಾಕತ್ತಿಲ್ಲ ನೀನು" ಎಂದು ಗದರುತ್ತಾ ಬರುತ್ತಾರೆ.

ಹಲ್ಲುಜ್ಜುತ್ತಾ ಹೊರಗೆ ಬಂದ ಗುರುಶಾಂತಪ್ಪ ಗೋಡೆ ನೋಡಿ ಬಾಯಲ್ಲಿದ್ದ ಬ್ರಷ್ಷನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಊರಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಅವರು ಯಾರ ಮೇಲೂ ಸುಮ್ಮಸುಮ್ಮನೆ ರೇಗುವವರಲ್ಲ. ಈ ಹೊತ್ತು ಮಾತ್ರ ತಡೆಯಲಾಗಲಿಲ್ಲ.

"ಏ ಪಕ್ಕೀರಪ್ಪ, ಏನ್ ಮಾಡಾಕತ್ತೀದಿ? ಬಣ್ಣ ಹೊಡ್ಸಿ ಇನ್ನಾ ತಿಂಗ್ಳಾಗಿಲ್ಲ!"

"ಬಣ್ಣ ತೊಳದ್ರ ಬರ್ತೈತ್ರಿ ಸಾವ್ಕಾರ್ರ. ಗ್ವಾಡಿ ಹೋದ್ರ ಬರಂಗಿಲ್ಲ."

ಸಾವ್ಕಾರರ ಬ್ರಷ್ಷು ಮತ್ತೆ ಬಾಯಿಗೆ ಹೋಗುತ್ತದೆ.

ಪಕ್ಕೀರಪ್ಪ ವೃತ್ತಿಯಿಂದ ಪ್ಲಂಬರ್. ಊರವರ ಬಾಯಲ್ಲಿ ನಲ್ಲಿ ಪಕ್ಕೀರಪ್ಪ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನಲ್ಲಿ ಪ್ಲಂಬರುಗಳಿಗೇನೂ ಬರವಿಲ್ಲ. ಹೊಸ ಮನೆಗೆ ಪೈಪು ಎಳೆಯಲು ಚುರುಕು ಕೈಯ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಟ್ಟಿದ ಮನೆಯ ಗೋಡೆಯನ್ನು ಮಾಲೀಕರು ದಪ್ಪ ಮಾಡಿಸಿಕೊಂಡು, ಆಮೇಲೆ ನಲ್ಲಿ ತಿರುಗುತ್ತಿಲ್ಲ, ಪೈಪು ಎಲ್ಲಿ ಹೋಯಿತೋ ಗೊತ್ತಿಲ್ಲ, ಗೋಡೆ ಬೆವರುತ್ತಿದೆ ಎಂದು ತಲೆ ಮೇಲೆ ಕೈ ಹೊತ್ತು ಕುಳಿತಾಗ ಫೋನು ಹೋಗುವುದು ಪಕ್ಕೀರಪ್ಪನವರಿಗೆ.

ಈ ಸೀಮೆಯಲ್ಲಿ ಗೋಡೆಗಳು ಇದ್ದ ಹಾಗೆ ಇರುವುದಿಲ್ಲ. ಕಲ್ಲು ಮಣ್ಣಿನ ಹಳೆಯ ಮಾಳಿಗೆ ಮನೆಗಳು ಇನ್ನೂ ಓಣಿ ಓಣಿಯಲ್ಲಿವೆ. ಕೆಡವಲು ಮನಸ್ಸಿಲ್ಲ, ಹಾಗೇ ಬಿಡಲು ಧೈರ್ಯವಿಲ್ಲ. ಬೇಸಿಗೆಯಲ್ಲಿ ಪಶ್ಚಿಮದ ಬಿಸಿಲಿಗೆ ಗೋಡೆ ಕಾದು ರಾತ್ರಿಯೆಲ್ಲಾ ನಿದ್ದೆ ಕೆಡಿಸುತ್ತದೆಂದು ಹೊರಗಿನಿಂದ ಒಂದು ವರಸೆ ಇಟ್ಟಿಗೆ ಕಟ್ಟಿಸುತ್ತಾರೆ. ಬಚ್ಚಲಿಗೆ ಹಳೆಯ ಟೈಲ್ಸ್ ಮೇಲೆ ಹೊಸ ಟೈಲ್ಸ್ ಅಂಟಿಸುತ್ತಾರೆ. ಮದುವೆ ಬಂತೆಂದರೆ ಗಿಲಾವಿನ ಮೇಲೆ ಇನ್ನೊಂದು ಗಿಲಾವು. ಗೋಡೆ ಬೆಳೆದಂತೆಲ್ಲಾ ಅದರಲ್ಲಿದ್ದ ನಲ್ಲಿ ಮಾತ್ರ ಅಲ್ಲೇ ಉಳಿದು, ಅಣ್ಣನ ಅಂಗಿ ತೊಟ್ಟ ಹುಡುಗನ ಕೈ ತೋಳಿನೊಳಗೆ ಅಡಗುವ ಹಾಗೆ ಅಡಗಿಬಿಡುತ್ತದೆ.

ಉಚ್ಚಂಗಿದುರ್ಗದಲ್ಲಿ ಯಾತ್ರಿಕರು ಉಳಿದುಕೊಳ್ಳುವ ವಸತಿಗೃಹವೊಂದರಲ್ಲಿ ಹೀಗೇ ಆಗಿತ್ತು. ಬಚ್ಚಲುಗಳಿಗೆಲ್ಲಾ ಹೊಳೆಯುವ ಟೈಲ್ಸ್ ಹಾಕಿಸಿದ ಮೇಲೆ ಒಂದು ನಲ್ಲಿಗೂ ಕೈ ಹಾಕಿ ತಿರುಗಿಸುವಷ್ಟು ಜಾಗ ಉಳಿಯಲಿಲ್ಲ. ಬಂದ ಭಕ್ತರು ಇಕ್ಕಳದಿಂದ ನಲ್ಲಿ ತಿರುಗಿಸಿ ಮೈ ತೊಳೆದುಕೊಂಡರು. ಪಕ್ಕೀರಪ್ಪ ಹೋಗಿ, ಪ್ರತಿ ನಲ್ಲಿಗೂ ಹಿಂದೆ ಒಂದೊಂದು ಗೇಣುದ್ದದ ತುಂಡು ಪೈಪು ಕೂಡಿಸಿ, ಅವನ್ನು ಮತ್ತೆ ಗೋಡೆಯಿಂದ ಹೊರಕ್ಕೆ ತಂದರು. ಹಿರೇಹಡಗಲಿಯಲ್ಲಿ ಒಬ್ಬರು ನೀರಿನ ಮೀಟರನ್ನೇ ಗೋಡೆಯೊಳಗೆ ಮುಚ್ಚಿಸಿಕೊಂಡಿದ್ದರು. ಅದನ್ನು ಹುಡುಕಿ ತೆಗೆದ ದಿನ ಮನೆಯವರು ಸಕ್ಕರೆ ಹಂಚಿದ್ದನ್ನು ಗಿಡ್ಡಮ್ಮ ಇವತ್ತಿಗೂ ನಗುತ್ತಾ ಹೇಳುತ್ತಾರೆ.

ಗುರುಶಾಂತಪ್ಪನವರ ಮನೆಯ ಸಂಗತಿ ನಗುವಂಥದ್ದಲ್ಲ. ಪಶ್ಚಿಮದ ಗೋಡೆಗೆ ಒತ್ತಿದ ಕೋಣೆಯಲ್ಲಿ ಅವರ ತಾಯಿ ಶಿವಮ್ಮ ಮಲಗುತ್ತಾರೆ. ಗೋಡೆಗೆ ಹೊರಗಿನಿಂದ ಇಟ್ಟಿಗೆಯ ವರಸೆ ಕಟ್ಟಿ ಬಣ್ಣ ಹೊಡೆದ ಮೇಲೆ, ಒಳಗೆ ಅವರ ಮಂಚದ ಪಕ್ಕದಲ್ಲಿ ತೇವ ಕಾಣಿಸಿಕೊಂಡಿತು. ಮೊದಲು ಅಂಗೈಯಗಲ, ಆಮೇಲೆ ಮೊರದಗಲ. ಈಚೆಗೆ ಬೆರಳಿಟ್ಟರೆ ಮಣ್ಣು ಕೈಗೆ ಬರುತ್ತಿದೆ. ಹಳೆಯ ಗೋಡೆಯ ಕಲ್ಲುಗಳನ್ನು ಹಿಡಿದಿರುವುದು ಬರಿಯ ಮಣ್ಣು. ಅದು ಕರಗಿದರೆ ಕಲ್ಲು ಮಂಚದ ಮೇಲೇ ಬರುತ್ತದೆ.

ಮಂಚ ಸರಿಸಿ ಎಂದು ಸೊಸೆ ಗೀತಮ್ಮ ಹೇಳಿ ಸಾಕಾಗಿದ್ದಾರೆ. "ಮದುವಿ ಆಗಿ ಬಂದಾಗಿಂದ ಇಲ್ಲೇ ಮಲಗೀನಿ. ಗ್ವಾಡಿಗೆ ಅಂಜಿ ಎಲ್ಲಿಗೆ ಹೋಗ್ಲಿ?" ಎಂಬುದು ಶಿವಮ್ಮನ ಉತ್ತರ.

ಸೋರುತ್ತಿರುವುದು ಸೋಲಾರಿನ ಬಿಸಿನೀರಿನ ಪೈಪು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕಬ್ಬಿಣದ ಆ ಪೈಪು ಮೊದಲು ಗೋಡೆಯ ಹೊರಮೈಗೆ ಕಣ್ಣಿಗೆ ಕಾಣುವಂತೆ ಇತ್ತು. ಗೋಡೆ ದಪ್ಪ ಮಾಡಿದ ಗೌಂಡಿ ಅದನ್ನು ಕಳಚಿಸುವ ಉಸಾಬರಿಗೆ ಹೋಗಲಿಲ್ಲ. ಅದರ ಮೇಲೆಯೇ ಇಟ್ಟಿಗೆ ಕಟ್ಟಿ ಕೈ ತೊಳೆದುಕೊಂಡ. ಈಗ ಪೈಪು ಎರಡು ಗೋಡೆಗಳ ನಡುವೆ ಇದೆ. ಯಾವ ಜಾಗದಲ್ಲಿ ಸೋರುತ್ತಿದೆ ಎಂದು ತಿಳಿಯದೆ ಒಡೆಯತೊಡಗಿದರೆ ನೆನೆದ ಗೋಡೆ ಏಟಿಗೇ ಕುಸಿಯಬಹುದು.

ಅದಕ್ಕೇ ಈ ಕೆಮ್ಮಣ್ಣು. ರಾಡಿ ಬಳಿದಾದ ಮೇಲೆ ಗೀತಮ್ಮ ಒಳಗೆ ಬಚ್ಚಲಿನ ಬಿಸಿನೀರಿನ ನಲ್ಲಿಯನ್ನು ಸಣ್ಣಗೆ ಬಿಡುತ್ತಾರೆ. ನಿನ್ನೆಯ ಬಿಸಿಲಿನಲ್ಲಿ ಕಾದ ನೀರು ಗೋಡೆಯೊಳಗಿನ ಪೈಪಿನಲ್ಲಿ ಹರಿಯತೊಡಗುತ್ತದೆ. ಇರುಳೆಲ್ಲಾ ತಣ್ಣಗಾದ ಗೋಡೆ ಪೈಪು ಇರುವ ಕಡೆ ಮಾತ್ರ ನಿಧಾನವಾಗಿ ಬೆಚ್ಚಗಾಗುತ್ತದೆ. ಅಲ್ಲಿಯ ರಾಡಿ ಮೊದಲು ಆರಿ ಬಿಳಿಚಿಕೊಳ್ಳುತ್ತದೆ. ಹೊತ್ತೇರಿ ಗಾಳಿ ಬಿಸಿಯಾದರೆ ಗೋಡೆಯೆಲ್ಲಾ ಒಂದೇ ಸಮ ಆರಿ ಗುಟ್ಟು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ನಸುಕೇ ಆಗಬೇಕು.

ಉಪಾಯ ಗಿಡ್ಡಮ್ಮನವರದು. "ಒಲಿ ಸಾರಿಸೋವಾಗ ನೋಡಿದ್ನಿ. ಬೆಂಕಿ ಇದ್ದ ಕಡಿ ರಾಡಿ ಮೊದಲ ಆರತೈತಿ. ಒಲಿ ಆದ್ರೇನು, ಪೈಪ್ ಆದ್ರೇನು, ಕಾದದ್ದು ಕಾದದ್ದೇ" ಎನ್ನುತ್ತಾರೆ ಅವರು. ಉಜ್ಜಿನಿಯ ಕಡೆಯ ಹಳ್ಳಿಯಿಂದ ಬಂದ ಗಿಡ್ಡಮ್ಮ ಮದುವೆಯಾದ ಹೊಸತರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಮಣ್ಣು ಕಲಸಿದವರು. ಗಂಡ ಒಮ್ಮೆ ಕೂಡ್ಲಿಗಿಯ ಶೇಂಗಾ ವ್ಯಾಪಾರಿಯೊಬ್ಬರ ಮನೆಯಲ್ಲಿ ಪೈಪು ಹುಡುಕುತ್ತಾ ಗೋಡೆಗೆ ಜರಡಿಯ ಹಾಗೆ ತೂತು ಹೊಡೆದು ಬೈಸಿಕೊಂಡು ಬಂದ ದಿನ, ಅವರು ಈ ಮಾತು ಹೇಳಿದರು. ಪಕ್ಕೀರಪ್ಪ ಅವತ್ತು ನಕ್ಕಿದ್ದರು. ಮರುದಿನ ಒಬ್ಬರೇ ಹೋಗಿ ಬಳಿದು ನೋಡಿದರು. ಆವತ್ತಿನಿಂದ ಟಿವಿಎಸ್ ಎಕ್ಸೆಲ್ ಗಾಡಿಯ ಹಿಂದೆ, ಪೈಪು ತಿರುಗಿಸುವ ಪಾನಾಗಳ ಚೀಲದ ಜೊತೆ ಗಿಡ್ಡಮ್ಮನವರೂ, ಅವರ ತೊಡೆಯ ಮೇಲೆ ಕೆಮ್ಮಣ್ಣಿನ ಡಬ್ಬಿಯೂ ಇರುತ್ತವೆ.

"ನಾ ಇಲ್ದಿದ್ರ ಈ ಮನುಷ್ಯಾ ಕೊಟ್ಟೂರು ತುಂಬಾ ಗ್ವಾಡಿ ಕೆಡವಿ ಕೂತಿರ್ತಿದ್ದ" ಎಂದು ಗಿಡ್ಡಮ್ಮ ಹೇಳಿದರೆ ಪಕ್ಕೀರಪ್ಪ ಇಲ್ಲವೆನ್ನುವುದಿಲ್ಲ. ಗಂಡನಾದವರಲ್ಲಿ ಇದು ಅಷ್ಟು ಸುಲಭಕ್ಕೆ ಕಾಣಸಿಗುವ ಗುಣವಲ್ಲ.

ಬಚ್ಚಲಿನಲ್ಲಿ ಹರಿಯುವ ನೀರೂ ಹಾಳಾಗುವುದಿಲ್ಲ. ಪಕ್ಕೀರಪ್ಪ ಪೈಪು ಹುಡುಕುವ ದಿನ ಬಿಸಿನೀರು ಸಿಗುತ್ತದೆಂದು ಅಕ್ಕಪಕ್ಕದವರಿಗೆ ಗೊತ್ತು. ಕೊಡ ಹಿಡಿದ ಹೆಂಗಸರು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಾರೆ. ಇವತ್ತು ಈ ಓಣಿಯಲ್ಲಿ ಎಲ್ಲರಿಗೂ ಎಣ್ಣೆಸ್ನಾನ.

ಗಿಡ್ಡಮ್ಮ ಎರಡನೆಯ ಸಲ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಗೋಡೆಯ ಮೇಲೆ ಗೆರೆ ಮೂಡತೊಡಗುತ್ತದೆ. ಒದ್ದೆ ಕೆಂಪಿನ ನಡುವೆ ಬೆರಳೆರಡರಗಲದ ಒಣ ಪಟ್ಟಿ. ಮುಂದಿನ ಮೂಲೆಯಿಂದ ಹೊರಟು, ಶಿವಮ್ಮನ ಕೋಣೆಯ ಕಿಟಕಿಯ ಕೆಳಗೆ ಬಂದು, ಅಲ್ಲಿ ತಟ್ಟನೆ ಮಾಯವಾಗುತ್ತದೆ. ಒಂದು ಮೊಳದಷ್ಟು ಜಾಗ ಒದ್ದೆಯಾಗಿಯೇ ಉಳಿದು, ಆಚೆಗೆ ಮತ್ತೆ ಗೆರೆ ಮುಂದುವರಿಯುತ್ತದೆ. ಪಕ್ಕೀರಪ್ಪ ಆ ಒದ್ದೆ ಜಾಗಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚುತ್ತಾರೆ.

"ಇಲ್ಲೇ. ಪೈಪಿಗೆ ಪೈಪು ಕೂಡ್ಸಾಕ ನಾನ ಹಾಕಿದ ಸಾಕೆಟ್ ಇದು. ಗೌಂಡಿ ಇಟ್ಟಿಗಿ ಕೂಡ್ಸಾಕ ಪೈಪಿಗೆ ಬಡದಾನ, ಸಡಲಾಗೈತಿ."

ತಮ್ಮ ಕೈಯ ಕೆಲಸವನ್ನು ಗುರುತು ಹಿಡಿಯುವುದು ಅವರಿಗೆ ಕಷ್ಟವಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಈ ಓಣಿಗೆ ಮೊದಲ ಸೋಲಾರು ಬಂದಾಗ, ಈ ಪೈಪು ಎಳೆದವರು ಅವರೇ. ಮಣ್ಣಿನ ಮಾಳಿಗೆ ನೀರಿನ ತೊಟ್ಟಿಯ ಭಾರ ತಾಳದೆಂದು, ಮನೆಯ ಮುಂದೆ ಪೂರ್ವದ ತುದಿಗೆ ಹೊಸದಾಗಿ ಹಾಕಿದ್ದ ಸಿಮೆಂಟಿನ ಪೋರ್ಟಿಕೋ ಮೇಲೆ ಅದನ್ನು ಕೂಡಿಸಿದ್ದರು. ಬಚ್ಚಲೂ ಅದೇ ಪೂರ್ವದ ಬದಿಗೆ, ಮನೆಯ ಹಿಂದುಗಡೆ. ನಡುವೆ ಇರುವುದು ಪಡಸಾಲೆಯ ಒಂದು ಮೂಲೆ, ದೇವರ ಮನೆ, ಅಡುಗೆ ಮನೆ. ಒಳಗಿನಿಂದ ಹೋದರೆ ನೇರ ದಾರಿ. ಹೊರಗಿನಿಂದ ಆ ಬದಿಗೆ ಹೋಗಲು ಸಂದಿಲ್ಲ. ಪಕ್ಕದ ಮನೆ ಗೋಡೆಗೆ ಗೋಡೆ ಅಂಟಿಕೊಂಡಿದೆ.

ಪೈಪು ಮಾತ್ರ ಮನೆಯ ಮುಂಭಾಗವನ್ನೆಲ್ಲಾ ದಾಟಿ, ಪಶ್ಚಿಮದ ಗೋಡೆಯುದ್ದಕ್ಕೂ ನಡೆದು, ಹಿತ್ತಲಿಗೆ ತಿರುಗಿ, ಹಿಂದಿನ ಗೋಡೆಯನ್ನೂ ಪೂರ್ತಿ ಬಳಸಿ ಬಚ್ಚಲು ಸೇರಿದೆ. ನೋಡಿದವರು ಪ್ಲಂಬರನಿಗೆ ತಲೆ ಕೆಟ್ಟಿತ್ತು ಎಂದುಕೊಳ್ಳಬೇಕು.

ತಲೆ ಕೆಟ್ಟಿರಲಿಲ್ಲ. ಪಕ್ಕೀರಪ್ಪನವರ ಕೇರಿಯ ಜನ ಆ ಮನೆಯ ಹೊಸ್ತಿಲು ದಾಟುವ ರೂಢಿ ಇರಲಿಲ್ಲ, ಅಷ್ಟೇ. ಬಚ್ಚಲಿಗೆ ಹಿತ್ತಲಿನಿಂದ ಬೇರೆ ಬಾಗಿಲಿತ್ತು. ಅಲ್ಲಿಗೆ ಬರಬಹುದು, ಮೋರಿ ತೆಗೆಯಬಹುದು, ನಲ್ಲಿ ಕೂಡಿಸಬಹುದು. ಅಡುಗೆ ಮನೆ, ದೇವರ ಮನೆ ಬೇರೆ ಮಾತು. ಒಳಗೆ ಬರಬೇಡ ಎಂದು ಶಿವಮ್ಮ ಅವತ್ತು ಹೇಳಲಿಲ್ಲ. "ಹೊರಗಿಂದ ಹಾಕು" ಎಂದರು. ಪಕ್ಕೀರಪ್ಪ ಹೊರಗಿನಿಂದ ಹಾಕಿದರು. ಪೈಪಿನವನು ಎಲ್ಲೆಲ್ಲಿ ಓಡಾಡಬಹುದಿತ್ತೋ ಪೈಪೂ ಅಲ್ಲಲ್ಲೇ ಓಡಾಡಿತು. ಈ ಸೀಮೆಯ ಹಳೆಯ ಮನೆಗಳನ್ನು ಸುತ್ತಿ ಬಳಸಿ ಹೋಗಿರುವ ಎಷ್ಟೋ ಪೈಪುಗಳಿಗೆ ಬೇರೆ ಕಾರಣವೇ ಇಲ್ಲ.

ಪಕ್ಕೀರಪ್ಪ ಈ ಕೆಲಸಕ್ಕೆ ಬಂದದ್ದೂ ಅದೇ ದಾರಿಯಿಂದ. ಅವರಪ್ಪ ಬಾವಿ ತೋಡುತ್ತಿದ್ದವರು. ಊರಿಗೆ ಕುಡಿಯುವ ನೀರಿನ ಪೈಪು ಹಾಕುವ ಕೆಲಸ ಬಂದಾಗ, ಗುಂಡಿ ತೋಡಲು ಹೋದ ಪಕ್ಕೀರಪ್ಪ ಪಾನಾ ಹಿಡಿಯುವುದನ್ನು ಕಲಿತರು. ಬಚ್ಚಲು, ಮೋರಿಯ ಕೆಲಸಕ್ಕೆ ಬೇರೆಯವರು ಮೂಗು ಮುರಿಯುತ್ತಿದ್ದರು. ಇವರು ಮಾಡಿದರು. ಕುದಿಯುವ ನೀರು ಬಿದ್ದು ಎಡ ಮುಂಗೈ ಸುಟ್ಟಿದೆ. ಹೆಬ್ಬೆರಳಿನ ಉಗುರು ಸುತ್ತಿಗೆಗೆ ಹೋದದ್ದು ಮತ್ತೆ ಸರಿಯಾಗಿ ಬಂದಿಲ್ಲ. ಮೊಣಕಾಲು ಮಡಚಿ ಕೂತರೆ ಏಳಲು ಗಿಡ್ಡಮ್ಮನವರ ಭುಜ ಬೇಕು. ಈ ದುಡಿಮೆಯಲ್ಲೇ ಮಗಳು ಯಶೋಧರಾ ಓದಿ ನರ್ಸ್ ಆಗಿದ್ದಾರೆ, ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿದ್ದಾರೆ.

"ಅಪ್ಪಾ, ಕಾಲ ಬದಲಾಗೈತಿ. ಇನ್ನಾ ಯಾಕ ಹಿತ್ಲ ಬಾಗಲಿಂದ ಹೋಗ್ತೀ?" ಎಂದು ಯಶೋಧರಾ ಸಿಟ್ಟಾಗುತ್ತಾರೆ. ಕಾಲ ಬದಲಾಗಿಲ್ಲವೆಂದು ಪಕ್ಕೀರಪ್ಪನವರೂ ಹೇಳುವುದಿಲ್ಲ. ಹೊಸ ಬಡಾವಣೆಗಳಲ್ಲಿ ಅವರು ಅಡುಗೆ ಮನೆಯ ಸಿಂಕಿನ ಕೆಳಗೆ ಮಲಗಿಕೊಂಡೇ ಕೆಲಸ ಮಾಡುತ್ತಾರೆ. ಮಾಡ್ಯುಲರ್ ಕಿಚನ್ನಿನ ಬಾಗಿಲುಗಳನ್ನು ಅವರಷ್ಟು ತೆಗೆದು ಹಾಕಿದವರಿಲ್ಲ. "ಆದ್ರ ಮೊದಲ ಕೆಲಸ ಮಾಡಿದ ಹಳೇ ಮನಿಗಿ ಹೋದ್ರ, ಕಾಲು ತಾವಾಗೇ ಹಿತ್ಲ ಕಡಿಗೆ ತಿರುಗ್ತಾವ. ಕರೀದ ನಾ ಒಳಗ ಹೋಗಂಗಿಲ್ಲ. ಬ್ಯಾಡ ಅನಿಸ್ಕೊಂಡು ಬರೋದಕ್ಕಿಂತ ಅದು ಚಲೋ" ಎನ್ನುತ್ತಾರೆ.

ಸೋರುವ ಜಾಗ ಸಿಕ್ಕಿದ ಮೇಲೆ ಮಾತು ಬರುವುದು ಇಲ್ಲಿಗೇ. ಹಿತ್ತಲಿನಲ್ಲಿ ನಿಂತು ಗುರುಶಾಂತಪ್ಪ, ಗೀತಮ್ಮ ಮುಂದಿನ ದಾರಿ ಕೇಳುತ್ತಾರೆ. ಸಡಿಲಾದ ಒಂದು ಜೋಡಣೆಯನ್ನು ಬಿಗಿ ಮಾಡಬಹುದು, ಆದರೆ ತುಕ್ಕು ಹಿಡಿದ ಪೈಪು ನಾಳೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಹಳೆಯ ಪೈಪನ್ನು ಗೋಡೆಯಲ್ಲೇ ಸಾಯಲು ಬಿಟ್ಟು, ಹೊಸದು ಹಾಕುವುದೇ ಸರಿ. ಹೊಸದನ್ನು ದಪ್ಪವಾದ ಗೋಡೆಯ ಮೇಲೆ ಮತ್ತೆ ಅದೇ ಸುತ್ತಿನಲ್ಲಿ ಎಳೆಯಬಹುದು ಎನ್ನುತ್ತಾರೆ ಪಕ್ಕೀರಪ್ಪ.

ಹರಪನಹಳ್ಳಿಯ ತವರಿನಿಂದ ಬಂದ ಗೀತಮ್ಮನಿಗೆ ಬಹಳ ದಿನದಿಂದ ಒಂದು ಪ್ರಶ್ನೆ ಇದೆ. "ಅಲ್ರೀ ಪಕ್ಕೀರಪ್ಪಾರೇ, ನಮ್ಮ ತವರುಮನೇಲೂ ಸೋಲಾರ್ ಐತೆ. ನಲ್ಲಿ ಬಿಟ್ಟ ತಕ್ಷಣ ಬಿಸಿನೀರು ಬರ್ತೈತೆ. ನಮ್ಮನೇಲಿ ಮಾತ್ರ ಬಕೆಟ್ಟುಗಟ್ಲೆ ತಣ್ಣೀರು ಚೆಲ್ಲಿದ್ಮೇಲೆ ಉಗುರು ಬೆಚ್ಚಗೆ ಬರ್ತೈತೆ. ಅತ್ತೆಮ್ಮ ದಿನಾ ಸೋಲಾರಿನವನಿಗೆ ಬೈತಾರೆ. ಯಾಕೆ ಹಿಂಗೆ?"

ಪಕ್ಕೀರಪ್ಪ ಬಕೆಟ್ಟಿನಲ್ಲಿ ಕೈ ತೊಳೆಯುತ್ತಾರೆ. ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಾರೆ. ಮಾತು ಗಿಡ್ಡಮ್ಮನವರಿಂದ ಬರುತ್ತದೆ.

"ಇನ್ನೇನಾಗ್ತೈತ್ರಿ ಅಕ್ಕಾರ? ನಮ್ಮ ಮನುಷ್ಯಾ ಸುತ್ತಿ ಬಂದಂಗ ನೀರೂ ಮನಿ ಸುತ್ತಿ ಬರ್ತೈತಿ. ಬರೋದ್ರಾಗ ಆರಿ ಹೋಗ್ತೈತಿ."

"ಏ, ಸುಮ್ನಿರ" ಎನ್ನುತ್ತಾರೆ ಪಕ್ಕೀರಪ್ಪ. ಆದರೆ ಹಿತ್ತಲ ಬಾಗಿಲಿನಲ್ಲಿ ಶಿವಮ್ಮ ಬಂದು ನಿಂತಾಗಿದೆ. ಕೇಳಿಸಿಕೊಂಡೂ ಆಗಿದೆ.

ಶಿವಮ್ಮನಿಗೆ ಎಂಬತ್ತು ದಾಟಿದೆ. ಬೆನ್ನು ಬಾಗಿದೆ, ಕಿವಿ ಬಾಗಿಲ್ಲ. ಇಷ್ಟು ವರ್ಷ ಬೆಳಗಿನ ಜಾವ ಬೆಚ್ಚನೆಯ ನೀರಿಗಾಗಿ ಕಾದು, ನಡುಗುತ್ತಾ ಮಿಂದು, ತೊಟ್ಟಿ ಕೂಡಿಸಿದವನ ವಂಶವನ್ನೆಲ್ಲಾ ಜಾಲಾಡಿದವರು ಅವರು. ಅವರು ಸೊಸೆಯ ಮುಖ ನೋಡಲಿಲ್ಲ, ಮಗನ ಮುಖ ನೋಡಲಿಲ್ಲ. ನೇರ ಪಕ್ಕೀರಪ್ಪನವರನ್ನೇ ಕೇಳಿದರು.

"ಹೊರಗಿಂದ ಹಾಕಿದ್ರ ಮತ್ತ ಹಿಂಗ ಆಗ್ತೈತೇನು?"

"ಆಕ್ಕೈತ್ರಿ ಅಮ್ಮಾರ."

"ಒಳಗಿಂದ ಹಾಕಿದ್ರ ಎಷ್ಟು ದೂರ ಆಗ್ತೈತಿ?"

ಪಕ್ಕೀರಪ್ಪನವರಿಗೆ ಯಾವ ಮನೆಯ ಪೈಪಿನ ಅಳತೆಯನ್ನೂ ಕಣ್ಣಳತೆಯಲ್ಲೇ ಹೇಳುವ ಅಭ್ಯಾಸ. ಈ ಸಲ ಮಾತ್ರ ಇದ್ದದ್ದನ್ನೇ ಹೇಳಿದರು.

"ಹೆಂಗ ಹೇಳ್ಲೆವ್ವಾ? ನಾ ಒಳಗ ನೋಡಿಲ್ಲ."

ಇದರಲ್ಲಿ ದೂರು ಇರಲಿಲ್ಲ. ಅಳತೆ ಕೇಳಿದರು, ಅಳತೆ ಗೊತ್ತಿಲ್ಲ ಎಂದರು. ಆದರೂ ಗುರುಶಾಂತಪ್ಪ ಗೋಡೆಯ ರಾಡಿಯನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ಕೊಡ ಹಿಡಿದು ನಿಂತಿದ್ದ ಹೆಂಗಸರೂ ಹೊರಡುವುದನ್ನು ಮರೆತರು. ಶಿವಮ್ಮ ಬಾಗಿಲ ಚೌಕಟ್ಟು ಹಿಡಿದು ಒಂದು ಪಕ್ಕಕ್ಕೆ ಸರಿದರು.

"ಬಂದು ನೋಡು" ಎಂದರು.

ಪಕ್ಕೀರಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಅಳತೆ ಟೇಪು ಹಿಡಿದು ಹೊಸ್ತಿಲು ದಾಟುತ್ತಾರೆ. ಗಿಡ್ಡಮ್ಮ ಅಲ್ಲೇ ಉಳಿದಾಗ ಗೀತಮ್ಮ, "ನೀವೂ ಬರ್ರಿ, ಟೇಪಿನ ತುದಿ ಯಾರು ಹಿಡೀಬೇಕು?" ಎಂದು ಕರೆಯುತ್ತಾರೆ. ಅಡುಗೆ ಮನೆಯಲ್ಲಿ ತೂತು ಕೊರೆಯಬೇಕಾದ ಗೋಡೆಗೇ ತಾಗಿ ಕುಡಿಯುವ ನೀರಿನ ಕೊಡಗಳಿವೆ. ಶಿವಮ್ಮ ಸೊಸೆಗೆ ಹೇಳಿ ಅವನ್ನು ಪಡಸಾಲೆಗೆ ಸಾಗಿಸುತ್ತಾರೆ. ದೇವರ ಮನೆಯಲ್ಲಿ ಜಗಲಿಯ ಮೇಲೆ ಮಡಿ ಬಟ್ಟೆ ಮುಚ್ಚಿ, ಫೋಟೋಗಳನ್ನು ತಾವೇ ಒಂದೊಂದಾಗಿ ಎತ್ತಿಡುತ್ತಾರೆ. ಎಲ್ಲಾ ಎತ್ತಿಟ್ಟಾದ ಮೇಲೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಕಾವಲಿಗೋ, ನೋಡುವ ಕುತೂಹಲಕ್ಕೋ, ಹೇಳುವುದು ಕಷ್ಟ.

ಟೇಪು ಬಿಚ್ಚಿದ ಪಕ್ಕೀರಪ್ಪ ಬಚ್ಚಲಿನ ಗೋಡೆಯಿಂದ ಅಡುಗೆ ಮನೆಗೆ, ಅಲ್ಲಿಂದ ದೇವರ ಮನೆಗೆ, ಅಲ್ಲಿಂದ ಪಡಸಾಲೆಯ ಮೂಲೆಗೆ ಬರುತ್ತಾರೆ. ಕತ್ತೆತ್ತಿದರೆ ಆಗಲೇ ಪೋರ್ಟಿಕೋ. ಅವರು ತಿರುಗಿ ಬಂದ ದಾರಿಯನ್ನೊಮ್ಮೆ ನೋಡುತ್ತಾರೆ. ಟೇಪಿನ ಇನ್ನೊಂದು ತುದಿಯಲ್ಲಿ ಗಿಡ್ಡಮ್ಮ ಅಡುಗೆ ಮನೆಯ ಆಚೆಗೆ, ಮುಖ ಕಾಣುವಷ್ಟು ಹತ್ತಿರದಲ್ಲೇ ನಿಂತಿದ್ದಾರೆ. ಪಕ್ಕೀರಪ್ಪನವರಿಗೆ ನಂಬಿಕೆ ಬರುವುದಿಲ್ಲ. ಇನ್ನೊಮ್ಮೆ ಅಳೆಯುತ್ತಾರೆ. ಟೇಪು ಅಷ್ಟೇ ಹೇಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಈಗ ಕಬ್ಬಿಣದ ಪೈಪಿಲ್ಲ, ಸಣಬು ಸುತ್ತಿ ಬಿಗಿಯುವ ತಾಪತ್ರಯವಿಲ್ಲ. ಬಿಸಿನೀರಿಗೆಂದೇ ಬರುವ ಹಳದಿ ಪ್ಲಾಸ್ಟಿಕ್ ಪೈಪನ್ನು ಅಂಟು ಹಚ್ಚಿ ಕೂಡಿಸಿದರಾಯಿತು. ಮಾಳಿಗೆಯ ತೊಲೆಗಳ ಕೆಳಗೆ ಅದು ನೆಟ್ಟಗೆ ಹೋಗುತ್ತದೆ. ದೇವರ ಮನೆಯಲ್ಲಿ ತೂತು ಕೊರೆಯುವಾಗ ಪಕ್ಕೀರಪ್ಪ ಒಂದು ಕೈಯಲ್ಲಿ ಡ್ರಿಲ್ಲು, ಇನ್ನೊಂದು ಕೈಯಲ್ಲಿ ಕೆಳಗೆ ಹಿಡಿದ ಮೊರ. ಜಗಲಿಯ ಮೇಲೆ ಧೂಳು ಬೀಳಬಾರದು. ಗೋಡೆ ಮುಂದೆ ದಪ್ಪವಾದರೂ ಪೈಪು ಸಿಕ್ಕಿಕೊಳ್ಳದಿರಲೆಂದು ತೂತುಗಳನ್ನು ಒಂದು ಬೆರಳು ಹಿಗ್ಗಿಸಿ, ಸುತ್ತ ದಪ್ಪ ಪೈಪಿನ ಬಳೆ ತೊಡಿಸುತ್ತಾರೆ. ಹೊರಗೆ ಹಳೆಯ ಪೈಪಿನ ಬಾಯಿಗೆ ಮುಚ್ಚಳ ಬಿಗಿದು, ಕಿಟಕಿಯ ಕೆಳಗೆ ಹೊರವರಸೆಯ ಎರಡು ಇಟ್ಟಿಗೆ ಬಿಚ್ಚಿಡುತ್ತಾರೆ. ಒಳಗಿನ ನೀರು ಆರಬೇಕು. ಆರಿದ ಮೇಲೆ ಮಣ್ಣು ತುಂಬಿ ಮುಚ್ಚಿದರೆ ಗೋಡೆ ಉಳಿಯುತ್ತದೆ.

"ಅಲ್ಲೀತನಕ ಮಂಚ ಸರಸ್ರಿ ಅಮ್ಮಾರ" ಎನ್ನುತ್ತಾರೆ.

ಮಗ, ಸೊಸೆ ಹೇಳಿ ಹೇಳಿ ಸೋತ ಮಾತು. ಶಿವಮ್ಮ ಅರೆಗಳಿಗೆ ಪಕ್ಕೀರಪ್ಪನವರನ್ನು ನೋಡಿ, "ಸರಸ್ತೀನಿ ಬಿಡು" ಎನ್ನುತ್ತಾರೆ.

ನೀರು ಬಿಡುವ ಹೊತ್ತು. ಗೀತಮ್ಮ ಬಚ್ಚಲಿನ ನಲ್ಲಿ ತಿರುಗಿಸಿದರೆ ಪೈಪಿನಲ್ಲಿ ಗಾಳಿ ಸದ್ದು ಮಾಡುತ್ತದೆ, ಎರಡು ಸಲ ಉಗುಳುತ್ತದೆ, ಆಮೇಲೆ ಧಾರೆ. ಅಭ್ಯಾಸದಂತೆ ತಣ್ಣೀರು ಹೋಗಲೆಂದು ಬಕೆಟ್ಟು ಇಡುವ ಮೊದಲೇ ಹಬೆ ಏಳುತ್ತದೆ. ಶಿವಮ್ಮ ನಂಬದೆ ಕೈ ಚಾಚಿ, "ಅಯ್ಯಯ್ಯೋ, ಸುಡ್ತೈತಲ್ಲೋ!" ಎಂದು ಕೈ ಕೊಡವುತ್ತಾರೆ. ಸುಟ್ಟುಕೊಂಡವರು ಇಷ್ಟು ಖುಷಿಯಾಗಿ ಕೂಗಿದ್ದನ್ನು ಓಣಿ ಹಿಂದೆ ಕೇಳಿರಲಿಕ್ಕಿಲ್ಲ. ಪಕ್ಕೀರಪ್ಪ ಹಿತ್ತಲಿನಲ್ಲಿ ಪಾನಾಗಳನ್ನು ಒರೆಸುತ್ತಾ ಮೀಸೆಯೊಳಗೇ ನಗುತ್ತಾರೆ.

ಸಾಮಾನು ಕಟ್ಟಿ ಗಾಡಿಗೆ ಹೇರುವಾಗ ಒಳಗಿನಿಂದ ಕಸಬರಿಗೆಯ ಸದ್ದು ಬರುತ್ತದೆ. ಬಕೆಟ್ಟುಗಟ್ಟಲೆ ನೀರು ಸುರಿಯುವ ಸದ್ದು. ಶಿವಮ್ಮ ಸೊಸೆಯನ್ನು ನಿಲ್ಲಿಸಿಕೊಂಡು ಅಡುಗೆ ಮನೆ, ದೇವರ ಮನೆ ಎರಡನ್ನೂ ತೊಳೆಸುತ್ತಿದ್ದಾರೆ. ತೊಳೆದ ನೀರು ಹಬೆಯಾಡುತ್ತಾ ಹಿತ್ತಲ ಮೋರಿಗೆ ಬಂದು ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಅದನ್ನು ನೋಡುತ್ತಾರೆ.

"ಗ್ವಾಡಿ ಕೊರದ ಧೂಳು ಬಿದ್ದಿತ್ತಲ್ಲ" ಎನ್ನುತ್ತಾರೆ ಪಕ್ಕೀರಪ್ಪ.

ಗಿಡ್ಡಮ್ಮ ಗಾಡಿಯ ಹಿಂದೆ ಕುಳಿತು ಕೆಮ್ಮಣ್ಣಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. "ಧೂಳಿಗೆ ತೊಳೀತಾಳೋ, ನಮಗ ತೊಳೀತಾಳೋ, ಆಕಿಗೇ ಗೊತ್ತು. ನೀರಂತೂ ನಾವು ತಂದು ಕೊಟ್ಟದ್ದು."

ಆ ಮಾತು ನೋವಿನದೋ, ಗೆಲುವಿನದೋ ಎಂದು ಬಿಡಿಸಿ ಕೇಳುವ ಹಾಗಿಲ್ಲ. ಎರಡೂ ಇವೆ. ಗೀತಮ್ಮ ಒದ್ದೆ ಸೀರೆಯಲ್ಲೇ ಮುಂಬಾಗಿಲಿಗೆ ಓಡಿ ಬಂದು, "ಗೋಡೆ ಮುಚ್ಚೋಕೆ ಬರ್ತೀರಲ್ಲ, ಆವಾಗ ಈ ಕಡೆಯಿಂದಾನೇ ಬರ್ರಿ" ಎಂದು ಕೂಗಿ ಹೇಳುತ್ತಾರೆ. ಪಕ್ಕೀರಪ್ಪ ತಲೆಯಾಡಿಸಿ ಗಾಡಿ ಚಾಲೂ ಮಾಡುತ್ತಾರೆ.

ಸಂಜೆಗೆ ಕೂಡ್ಲಿಗಿಯಲ್ಲಿ ಇನ್ನೊಂದು ಮನೆ ಕಾದಿದೆ. ಟೈಲ್ಸ್ ಹಾಕಿಸಿಕೊಂಡು ನಲ್ಲಿ ಕಳೆದುಕೊಂಡವರು. ಮಗಳು ಕೆಲಸ ಬಿಡು ಎನ್ನುತ್ತಾರೆ, ಮೊಣಕಾಲೂ ಅದನ್ನೇ ಹೇಳುತ್ತದೆ. ಇನ್ನೂ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಪಕ್ಕೀರಪ್ಪ ಯೋಚಿಸುವುದೇನಿಲ್ಲ, ಉತ್ತರ ತಯಾರಿದೆ.

"ಆವಾಗ ಕೊಟ್ಟೂರಾಗ, ಕೂಡ್ಲಿಗ್ಯಾಗ ಹಿಂಗ ಮನಿ ಸುತ್ತ ಎಳದ ಪೈಪು ಇನ್ನಾ ಭಾಳ ಅದಾವ್ರಿ. ಎಲ್ಲಾ ನಾನ ಹಾಕಿದ್ದು, ಯಾವ್ಯಾವ ಮನಿ ಅಂತ ಗೊತ್ತೈತಿ. ಕೈ ನಡಿಯೋತನಕ ಅವನ್ನೆಲ್ಲಾ ಒಳಗಿಂದ ಹಾಕಿಬಿಡಬೇಕು ಅಂತ ಐತಿ. ಅವರು ಕರೀಬೇಕಷ್ಟ."

ಗಾಡಿ ಓಣಿಯ ತಿರುವಿಗೆ ಬಂದಾಗ ಅವರು ಒಂದು ಕಾಲು ನೆಲಕ್ಕೆ ಊರಿ ನಿಲ್ಲಿಸಿ, ಗುರುಶಾಂತಪ್ಪನವರ ಮನೆಯನ್ನು ತಿರುಗಿ ನೋಡುತ್ತಾರೆ. ಪಶ್ಚಿಮದ ಗೋಡೆಯ ಮೇಲೆ ಕೆಮ್ಮಣ್ಣು ಪೂರ್ತಿ ಆರಿ ಎಲ್ಲಾ ಒಂದೇ ಬಣ್ಣವಾಗಿದೆ. ಬೆಳಿಗ್ಗೆ ಮೂಡಿದ್ದ ಗೆರೆ ಈಗ ಎಲ್ಲಿತ್ತೆಂದೂ ತಿಳಿಯುವುದಿಲ್ಲ.

"ಇಪ್ಪತ್ತು ವರ್ಷ ಹೊರಗಿಂದ ಸುತ್ತಿ ಸುತ್ತಿ, ಭಾಳ ದೊಡ್ಡ ಮನಿ ಅಂತ ತಿಳ್ಕೊಂಡಿದ್ನಿ" ಎನ್ನುತ್ತಾರೆ ಪಕ್ಕೀರಪ್ಪ. "ಇವತ್ತು ಒಳಗ ಹೋಗಿ ಅಳದು ನೋಡಿದೆ. ಸಣ್ಣ ಮನೀನ ಐತಿ."